ಅಲ್ಪಾಕಾದ ಕಪ್ಪು ತುಪ್ಪಟ ನೂತ ಮೇಲೆ ಕಂದಾದದ್ದೇಕೆ, ಹೆಣೆದ ಸ್ವೆಟರ್ ಜೋಲುಬಿದ್ದದ್ದೇಕೆ?

ಹೊಸಮಂದೆ (ಮೂಲ ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ನಾಲ್ಕು ಅಲ್ಪಾಕಾಗಳನ್ನು (ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ತುಪ್ಪಟಕ್ಕಾಗಿ ಸಾಕುವ, ಒಂಟೆಯ ಬಳಗದ ಪ್ರಾಣಿ) ಸಾಕುತ್ತಿದ್ದೇನೆ. ನಾಲ್ಕೂ ಹುವಕಾಯಾ ಎಂಬ, ಉಬ್ಬಿದ ಸುಕ್ಕುತುಪ್ಪಟದ ಬಗೆಯವು: ಒಂದು ಕಪ್ಪು ಹೆಣ್ಣು, ಒಂದು ಬೂದು ಹೆಣ್ಣು, ಒಂದು ಜೇನುಗಂದು ಹೆಣ್ಣು ಮತ್ತು ಒಂದು ಬಿಳಿ ಗಂಡು. ಬಣ್ಣದ ತೊಟ್ಟಿಗೆ ಅದ್ದದೆ, ಪ್ರಾಣಿಯ ಮೈಮೇಲೆ ಬೆಳೆದ ಬಣ್ಣದಲ್ಲಿಯೇ ನೂಲು ತೆಗೆದು ಉಡುಪು ಹೆಣೆಯಬೇಕೆಂಬುದು ನನ್ನ ಬಹುದಿನದ ಆಸೆ. ಕುರಿಯ ಉಣ್ಣೆಯನ್ನು ಹತ್ತು ವರ್ಷಗಳಿಂದ ನೂಲುತ್ತಿರುವುದರಿಂದ ಇದೂ ಅಷ್ಟೇ ಎಂದುಕೊಂಡಿದ್ದೆ. ಹಾಗಾಗಲಿಲ್ಲ.

ಮೊದಲು ಕೈಗೆತ್ತಿಕೊಂಡದ್ದು ಕಪ್ಪು ತುಪ್ಪಟವನ್ನು. ಕತ್ತರಿಸಿದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬಿ, ಬಿಸಿನೀರಿನಲ್ಲಿ ತೊಳೆದು, ಕಾರ್ಡಿಂಗ್ ಹಲಗೆಗಳಲ್ಲಿ ಹಿಂಜಿ ಹಂಜಿ ಮಾಡಿ, ರಾಟೆಯಲ್ಲಿ ನೂತು, ಎರಡೆಳೆ ಹುರಿಗೊಳಿಸಿ ಒಂದು ಸ್ವೆಟರ್ ಹೆಣೆದೆ. ಈಗ ನನ್ನ ಮುಂದೆ ಮೂರು ಸಮಸ್ಯೆಗಳಿವೆ. ಇದ್ದಿಲಿನಂತೆ ಕಾಣುತ್ತಿದ್ದ ತುಪ್ಪಟದಿಂದ ಬಂದ ನೂಲು ತುಕ್ಕು ಬೆರೆತ ಕಂದಾಗಿದೆ. ಸೊಂಟದವರೆಗೆ ಇದ್ದ ಸ್ವೆಟರ್ ಎರಡೇ ವಾರಗಳಲ್ಲಿ ತೊಡೆಯ ನಡುವಿಗೆ ಇಳಿದಿದೆ. ಕುತ್ತಿಗೆಯ ಬಳಿ ಮುಳ್ಳು ಚುಚ್ಚಿದಂತಾಗುತ್ತದೆ. ಅಲ್ಪಾಕಾ ಚುಚ್ಚುವುದಿಲ್ಲವೆಂದು ಎಲ್ಲರೂ ಹೇಳುತ್ತಾರಲ್ಲ? ನಾನು ಎಲ್ಲಿ ತಪ್ಪಿದೆ?

ಹಂಜಿಬುಟ್ಟಿ:

ಒಂದೇ ಪ್ರಶ್ನೆ. ಸ್ವೆಟರನ್ನು ಹ್ಯಾಂಗರಿಗೆ ತೂಗುಹಾಕಿದ್ದಿರಾ?

ಹೊಸಮಂದೆ:

ಹೌದು, ಒಣಗಿಸುವಾಗಲೂ, ಆಮೇಲೂ.

ಹಂಜಿಬುಟ್ಟಿ:

ಹಾಗಿದ್ದರೆ ಅರ್ಧ ಉದ್ದ ಅಲ್ಲಿಯೇ ಬಂದಿದೆ. ಅಲ್ಪಾಕಾದ ಉಡುಪನ್ನು ಮಡಿಸಿಡಬೇಕು, ಹಾಸಿ ಒಣಗಿಸಬೇಕು. ಉಳಿದರ್ಧವನ್ನು ಕದಿರುಕಡ್ಡಿಯವರು ವಿವರಿಸುತ್ತಾರೆ. ಅವರಿಗೆ ಈ ವಿಷಯ ಸಿಕ್ಕರೆ ಬಿಡುವುದಿಲ್ಲ.

ಕದಿರುಕಡ್ಡಿ:

ಬಿಡುವುದಿಲ್ಲ, ನಿಜ.

ಕುರಿಯ ಉಣ್ಣೆಯ ಎಳೆಯಲ್ಲಿ ಒತ್ತೊತ್ತಾದ ಸುಕ್ಕು ಇರುತ್ತದೆ. ಎಳೆದರೆ ಆ ಸುಕ್ಕು ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಮತ್ತೆ ಮುದುಡಿಕೊಳ್ಳುತ್ತದೆ. ಸ್ವೆಟರ್ ತನ್ನ ಆಕಾರಕ್ಕೆ ಮರಳುವುದು ಈ ಗುಣದಿಂದ. ಹುವಕಾಯಾದಲ್ಲಿಯೂ ಸುಕ್ಕು ಇದೆ, ಆದರೆ ಅದಕ್ಕೆ ಹಾಗೆ ಮರಳುವ ಬಲವಿಲ್ಲ. ಜೊತೆಗೆ ಎಳೆಯ ಮೇಲ್ಮೈಯ ಹುರುಪೆಗಳು ಕುರಿಯ ಉಣ್ಣೆಯಲ್ಲಿರುವುದಕ್ಕಿಂತ ಚಪ್ಪಟೆಯಾಗಿರುವುದರಿಂದ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುವ ಬದಲು ಜಾರುತ್ತವೆ. ಆದ್ದರಿಂದ ಕುರಿಯ ಉಣ್ಣೆಗೆ ಕೊಡುವಷ್ಟೇ ತಿರುಚನ್ನು ಅಲ್ಪಾಕಾಕ್ಕೆ ಕೊಟ್ಟರೆ ನೂಲು ಕೈಯಲ್ಲಿ ಮೆತ್ತಗೆ ಹಿತವಾಗಿ ಕಾಣುತ್ತದೆ, ಉಡುಪಾದ ಮೇಲೆ ತನ್ನ ಭಾರಕ್ಕೇ ಇಳಿಯುತ್ತದೆ. ಹೆಣೆಯುವಾಗ ಗಾಳಿಯಾಡಲೆಂದು ಸಡಿಲವಾಗಿ ಹೆಣೆದಿದ್ದರೆ ಕೇಳುವುದೇ ಬೇಡ.

ನಾನು ಮಾಡುವುದು ಹೀಗೆ: ಸಾಮಾನ್ಯಕ್ಕಿಂತ ಹೆಚ್ಚು ತಿರುಚು, ಎರಡರ ಬದಲು ಮೂರೆಳೆಯ ಹುರಿ, ಒಂದು ಅಳತೆ ಸಣ್ಣ ಕಡ್ಡಿ, ಭುಜಕ್ಕೂ ಪಕ್ಕಗಳಿಗೂ ಹೊಲಿಗೆ. ಹೊಲಿಗೆಯಿಲ್ಲದೆ ಸುತ್ತು ಹೆಣೆದ ಸ್ವೆಟರಿಗೆ ಎಲುಬೇ ಇರುವುದಿಲ್ಲ. ಇನ್ನೂ ಸುಲಭವಾದ ದಾರಿ ಬೇಕಿದ್ದರೆ ಹಿಂಜುವಾಗಲೇ ನೂರಕ್ಕೆ 20ರಿಂದ 30ರಷ್ಟು ನಯವಾದ ಕುರಿಯ ಉಣ್ಣೆಯನ್ನು ಬೆರೆಸಿ.

ಬರಿಬಣ್ಣ:

ಕೊನೆಯ ವಾಕ್ಯಕ್ಕೆ ನನ್ನ ವಿರೋಧವಿದೆ. ಪ್ರಶ್ನೆ ಕೇಳಿದವರಿಗೆ ಬೇಕಾದದ್ದು ತಮ್ಮ ಅಲ್ಪಾಕಾದ ಸಹಜ ಬಣ್ಣದ ಉಡುಪು. ಅದಕ್ಕೆ ಕುರಿಯ ಉಣ್ಣೆಯನ್ನು ಬೆರೆಸಿ ಎನ್ನುವುದು ಪ್ರಶ್ನೆಯನ್ನೇ ಬದಲಿಸಿದಂತೆ. ಆಂಡೀಸ್ ಪರ್ವತದ ನೇಕಾರರು ಪುಷ್ಕಾ ಎಂಬ ಕೈಕದಿರಿನಲ್ಲಿ ನೂತ ನೂಲನ್ನು ನೋಡಿದ್ದೀರಾ? ಅದು ತಂತಿಯಂತೆ ಬಿಗಿಯಾಗಿರುತ್ತದೆ. ನೂತು, ಎರಡೆಳೆ ಸೇರಿಸಿ, ಮತ್ತೆ ಬಿಗಿಯಾಗಿ ಹುರಿಗೊಳಿಸುತ್ತಾರೆ. ಸೊಂಟಕ್ಕೆ ಕಟ್ಟಿಕೊಂಡು ನೇಯುವ ಮಗ್ಗದಲ್ಲಿ ಹಾಸುನೂಲು ಎಷ್ಟು ಎಳೆತ ತಡೆಯಬೇಕೆಂದು ಅವರಿಗೆ ಗೊತ್ತು. ಬೆರಕೆಯಿಲ್ಲದೆಯೇ ಸಾವಿರಾರು ವರ್ಷ ನಡೆದಿದೆ.

ಕದಿರುಕಡ್ಡಿ:

ನೇಯ್ಗೆಗೂ ಹೆಣಿಗೆಗೂ ವ್ಯತ್ಯಾಸವಿಲ್ಲವೇ, ಬರಿಬಣ್ಣರೇ? ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕುಗಳು ಒಂದನ್ನೊಂದು ಕಟ್ಟಿಹಾಕುತ್ತವೆ, ಜೋಲುಬೀಳಲು ಅಲ್ಲಿ ಜಾಗವೇ ಇರುವುದಿಲ್ಲ. ಹೆಣಿಗೆ ಎಂದರೆ ಕುಣಿಕೆಗಳ ಸಾಲು, ಪ್ರತಿ ಕುಣಿಕೆಯೂ ಹಿಗ್ಗಬಲ್ಲದು. ಹಾಸುನೂಲಿನಷ್ಟು ಬಿಗಿಯಾದ ಎಳೆಯಿಂದ ಸ್ವೆಟರ್ ಹೆಣೆದು ನೀವೇ ಒಂದು ದಿನ ತೊಟ್ಟು ನೋಡಿ, ಆಮೇಲೆ ಮಾತನಾಡೋಣ. ಬೆರೆಸುವ ಉಣ್ಣೆಯೂ ಕಪ್ಪು ಕುರಿಯದೇ ಆಗಬಹುದಲ್ಲ? ಅದೂ ಸಹಜ ಬಣ್ಣವೇ.

ಬರಿಬಣ್ಣ:

ಹೆಣಿಗೆಯ ಮಾತನ್ನು ಒಪ್ಪುತ್ತೇನೆ. ಬೆರಕೆಯ ಮಾತನ್ನು ಒಪ್ಪುವುದಿಲ್ಲ.

ತಳಿಲೆಕ್ಕ:

ಬಣ್ಣದ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಹೊಸಮಂದೆಯವರೇ, ಮುಂದಿನ ಸಲ ಕತ್ತರಿಸುವ ಮೊದಲು ಪ್ರಾಣಿಯ ಪಕ್ಕೆಯ ಮೇಲೆ ತುಪ್ಪಟವನ್ನು ಎರಡೂ ಕೈಗಳಿಂದ ಬಗೆದು ಚರ್ಮದವರೆಗೆ ನೋಡಿ. ಬುಡದಲ್ಲಿ ಮಸಿಯಂತಹ ಕಪ್ಪು, ತುದಿಗೆ ಹೋದಂತೆ ಕೆಂಗಂದು ಕಂಡರೆ ಅದು ಬಿಸಿಲಿನ ಕೆಲಸ. ಮೆಲನಿನ್ ಎಂಬ ವರ್ಣದ್ರವ್ಯವನ್ನು ಬಿಸಿಲು ಕ್ರಮೇಣ ಒಡೆಯುತ್ತದೆ. ವರ್ಷಕ್ಕೊಮ್ಮೆ ಕತ್ತರಿಸುವುದರಿಂದ ತುದಿಯ ಭಾಗ ಹೆಚ್ಚುಕಡಿಮೆ ಇಡೀ ವರ್ಷದ ಬಿಸಿಲನ್ನು ಉಂಡಿರುತ್ತದೆ. ನೀವು ಹಿಂಜಿದಾಗ ಬುಡದ ಕಪ್ಪೂ ತುದಿಯ ತುಕ್ಕೂ ಬೆರೆತು ಕಂದಾಯಿತು. ಬಣ್ಣ ಬಿಟ್ಟದ್ದಲ್ಲ, ಮೊದಲಿನಿಂದಲೂ ಅದರಲ್ಲಿದ್ದದ್ದು ಈಗ ಹೊರಗೆ ಕಂಡಿದೆ.

ಇನ್ನೊಂದು ಸಾಧ್ಯತೆಯೂ ಇದೆ. ದೂರದಿಂದ ಕಪ್ಪಾಗಿ ಕಾಣುವ ಕೆಲವು ಪ್ರಾಣಿಗಳು ನಿಜವಾಗಿ ಕಡುಗಂದು ಬಣ್ಣದವು. ಬುಡದಲ್ಲಿಯೂ ಕಂದೇ ಕಂಡರೆ ನಿಮ್ಮದು ಕಪ್ಪು ಅಲ್ಪಾಕಾವೇ ಅಲ್ಲ. ಕೊಂಡಾಗ ಕಪ್ಪೆಂದು ಹೇಳಿದ್ದರೇ?

ಹೊಸಮಂದೆ:

ಮಾರಿದವರು ಹಾಗೆಯೇ ಹೇಳಿದ್ದರು. ಉಳಿದ ತುಪ್ಪಟದಿಂದ ಒಂದು ಗೊಂಚಲು ತೆಗೆದು ಈಗ ನೋಡಿದೆ: ಬುಡ ಕಪ್ಪು, ತುದಿಯ ಮೂರು ಸೆಂಟಿಮೀಟರಿನಷ್ಟು ತುಕ್ಕಿನ ಬಣ್ಣ. ಹಾಗಾದರೆ ಬಿಸಿಲಿಗೆ ಒಡ್ಡದಂತೆ ಮೈಗೆ ಹೊದಿಕೆ ಕಟ್ಟಬಹುದೇ? ಕುರಿಗಳಿಗೆ ಕೆಲವರು ಕಟ್ಟುತ್ತಾರೆ.

ನಿವೃತ್ತ_ಪಶುವೈದ್ಯ:

ದಯವಿಟ್ಟು ಬೇಡ. ಅಲ್ಪಾಕಾ ತಂಪಾದ, ಒಣ ಎತ್ತರಪ್ರದೇಶದ ಪ್ರಾಣಿ. ಅದಕ್ಕೆ ಚಳಿಯನ್ನು ತಡೆಯುವ ಏರ್ಪಾಡು ಹೇರಳವಾಗಿದೆ, ಸೆಕೆಯನ್ನು ಹೊರಹಾಕುವ ಏರ್ಪಾಡು ಕಡಿಮೆ. ಹೊಟ್ಟೆ, ಕಂಕುಳು, ತೊಡೆಯ ಒಳಭಾಗದಲ್ಲಿ ತುಪ್ಪಟ ತೆಳುವಾಗಿರುತ್ತದೆ. ಮೈಯ ಬಿಸಿ ಹೋಗುವುದು ಹೆಚ್ಚಾಗಿ ಅಲ್ಲಿಂದ. ಬಿಸಿಲಿನ ಜೊತೆಗೆ ಗಾಳಿಯಲ್ಲಿ ತೇವವೂ ಇದ್ದಾಗ ಉಷ್ಣಾಘಾತದಿಂದ ಪ್ರಾಣಿ ಸಾಯಬಹುದು. ಮೇಲೆ ಇನ್ನೊಂದು ಹೊದಿಕೆ ಹಾಕಿದರೆ ಆ ಅಪಾಯವನ್ನು ನೀವೇ ಕರೆದಂತೆ.

ಎರಡನೆಯ ಕಾರಣವಿದೆ. ಬಲು ಎತ್ತರದ ತೀಕ್ಷ್ಣ ಬಿಸಿಲಿಗೆ ಹೊಂದಿಕೊಂಡ ಈ ಪ್ರಾಣಿಗಳಿಗೆ ಬಿಸಿಲು ಕಡಿಮೆಯಿರುವ ಕಾಲದಲ್ಲಿ ಡಿ ಜೀವಸತ್ವದ ಕೊರತೆ ಬರುತ್ತದೆ. ಅದರಲ್ಲಿಯೂ ಕಡುಬಣ್ಣದ, ದಟ್ಟ ತುಪ್ಪಟದ ಪ್ರಾಣಿಗಳಿಗೆ, ಚಳಿಗಾಲಕ್ಕೆ ಮುನ್ನ ಹುಟ್ಟಿದ ಮರಿಗಳಿಗೆ. ಮೂಳೆ ಸೊಟ್ಟಗಾಗಿ ಕಾಲು ಬಾಗಿದ ಮರಿಗಳನ್ನು ನೋಡಿದ್ದೇನೆ. ನಿಮ್ಮ ನಾಲ್ಕರಲ್ಲಿ ಯಾವುದಕ್ಕೆ ಬಿಸಿಲು ಹೆಚ್ಚು ಬೇಕೋ ಅದಕ್ಕೇ ನೀವು ಹೊದಿಕೆ ಕಟ್ಟಲು ಹೊರಟಿದ್ದೀರಿ. ನೆರಳಿನ ಚಪ್ಪರ ಹಾಕಿಕೊಡಿ. ನಡುಹಗಲಿನ ಬಿಸಿಲಿಗೆ ಅವೇ ಒಳಗೆ ಬರುತ್ತವೆ.

ಎಳೆಸುರಿ:

ಹೊದಿಕೆಯಡಿಯಲ್ಲಿ ಉಜ್ಜಿ ಉಜ್ಜಿ ತುಪ್ಪಟ ಗಂಟಾಗುವುದು ಬೇರೆ. ನನ್ನಲ್ಲಿರುವುದು ಸೂರಿ ಬಗೆಯವು. ಜಡೆಯಂತೆ ಇಳಿಬೀಳುವ ಅವುಗಳ ಕೂದಲಿಗೆ ಹೊದಿಕೆ ಹಾಕಿ ಒಂದು ವರ್ಷದ ತುಪ್ಪಟವನ್ನೇ ಕಳೆದುಕೊಂಡಿದ್ದೇನೆ.

ಹಂಜಿಬುಟ್ಟಿ:

ತುಕ್ಕು ತುದಿಗಳಿಗೆ ಇಷ್ಟೆಲ್ಲ ಯೋಚನೆ ಏಕೆ? ಗೊಂಚಲಿನ ಬುಡವನ್ನು ಬಿಗಿಯಾಗಿ ಹಿಡಿದು ತುದಿಯ ಮೂರು ಸೆಂಟಿಮೀಟರನ್ನು ಕತ್ತರಿಯಿಂದ ತೆಗೆಯಿರಿ. ಉಳಿದದ್ದು ಏಳೆಂಟು ಸೆಂಟಿಮೀಟರ್ ಇದ್ದರೆ ನೂಲಲು ಧಾರಾಳವಾಗಿ ಸಾಕು. ತೆಗೆದ ತುದಿಗಳನ್ನು ಎಸೆಯಬೇಡಿ, ಜೇನುಗಂದಿಗೆ ಬೆರೆಸಿದರೆ ಒಳ್ಳೆಯ ಕೆಂಪು ಛಾಯೆ ಬರುತ್ತದೆ. ಒಂದು ತುಪ್ಪಟಕ್ಕೆ ನನಗೆ ನಾಲ್ಕು ಸಂಜೆ ಹಿಡಿಯಿತು. ಕೈಕೆಲಸವೆಂದ ಮೇಲೆ ಅಷ್ಟು ಹೊತ್ತು ಬೇಕೇ ಬೇಕು.

ಮಗ್ಗದಮೂಲೆ:

ಇಷ್ಟು ಮಾತಾದರೂ ಮೂಲ ಪ್ರಶ್ನೆಯಲ್ಲಿದ್ದ ಬಹುದೊಡ್ಡ ತಪ್ಪನ್ನು ಯಾರೂ ಎತ್ತಿ ಹೇಳಿಲ್ಲ: "ಕತ್ತರಿಸಿದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬಿ." ಕುತ್ತಿಗೆ ಚುಚ್ಚಲು ಇದೇ ಕಾರಣ.

ಅಲ್ಪಾಕಾದ ಮೈಮೇಲೆ ಎಲ್ಲ ಕಡೆಯೂ ಒಂದೇ ಬಗೆಯ ಕೂದಲಿರುವುದಿಲ್ಲ. ಬೆನ್ನಿನಿಂದ ಎರಡೂ ಪಕ್ಕೆಗಳವರೆಗೆ, ಜೀನು ಹಾಸಿದಂತೆ ಕಾಣುವ ಭಾಗ ಉತ್ತಮವಾದದ್ದು. ಕತ್ತಿನದು ನಯವಾಗಿದ್ದರೂ ಹೆಚ್ಚಾಗಿ ಗಿಡ್ಡ. ಎದೆ, ಹೊಟ್ಟೆ, ಕಾಲು, ಬಾಲದ ಕೂದಲಲ್ಲಿ ಒರಟಾದ ನೆಟ್ಟಗಿನ ಎಳೆಗಳು ತುಂಬಿರುತ್ತವೆ. ಈ ಒರಟು ಎಳೆ ತಿರುಚಿಗೆ ಬಗ್ಗದೆ ನೂಲಿನಿಂದ ಹೊರಗೆ ಚಾಚಿಕೊಂಡು ಚುಚ್ಚುತ್ತದೆ. ನೀವು ಎಲ್ಲವನ್ನೂ ಸೇರಿಸಿ ಹಿಂಜಿದ್ದರಿಂದ ಕಾಲಿನ ಕೂದಲು ಸ್ವೆಟರಿನ ಕುತ್ತಿಗೆಗೆ ಬಂದು ಕೂತಿದೆ.

ನಮ್ಮಲ್ಲಿ ಕತ್ತರಿಸುವ ದಿನ ಮೂರು ಚೀಲಗಳು ಪ್ರಾಣಿಯ ಪಕ್ಕದಲ್ಲಿಯೇ ಇರುತ್ತವೆ, ಒಂದೊಂದು ಭಾಗ ಕತ್ತರಿಸಿದ ಕೂಡಲೇ ಅದರದರ ಚೀಲಕ್ಕೆ ಹೋಗುತ್ತದೆ. ಮೊದಲು ಬಿಳಿ, ಆಮೇಲೆ ಜೇನುಬಣ್ಣ, ಕಂದು, ಕೊನೆಗೆ ಕಪ್ಪು. ಪ್ರತಿ ಪ್ರಾಣಿಯ ನಡುವೆ ನೆಲ ಗುಡಿಸಲೇಬೇಕು. ಬಿಳಿಯಲ್ಲಿ ಸೇರಿದ ಹತ್ತು ಕಪ್ಪು ಎಳೆಗಳನ್ನು ಆರಿಸಲು ಹಿಡಿಯುವ ಹೊತ್ತನ್ನು ಒಮ್ಮೆ ಅನುಭವಿಸಿದವರಿಗೆ ಈ ಕ್ರಮವನ್ನು ಮತ್ತೆ ಹೇಳಿಕೊಡಬೇಕಾಗಿಲ್ಲ. ಒದ್ದೆ ತುಪ್ಪಟವನ್ನು ಮಾತ್ರ ಎಂದೂ ಕತ್ತರಿಸಬೇಡಿ, ಚೀಲದಲ್ಲಿಯೇ ಬೂಸುರು ಹಿಡಿಯುತ್ತದೆ.

ಆಮೇಲೆ ತಂತಿಬಲೆಯ ಮೇಜಿನ ಮೇಲೆ ಹರಡಿ ಅಂಚಿನ ಕೊಳಕು, ಹುಲ್ಲುಬೀಜ, ಹಿಕ್ಕೆ ಅಂಟಿದ ಭಾಗ, ಎರಡನೆಯ ಸಲ ಕತ್ತರಿ ಆಡಿಸಿದಾಗ ಬಿದ್ದ ಗಿಡ್ಡ ತುಣುಕುಗಳು, ಇವನ್ನೆಲ್ಲ ತೆಗೆಯುವುದು. ಈ ಗಿಡ್ಡ ತುಣುಕುಗಳೇ ಮುಂದೆ ನೂಲಿನಲ್ಲಿ ಗಂಟುಗಂಟಾಗುವುದು. ಒರಟು ಎಳೆಗಳನ್ನು ಕೈಯಿಂದಲೇ ಆರಿಸಬೇಕು. ಬೇಸರದ ಕೆಲಸ, ಆದರೆ ರಾಟೆಯ ಮುಂದೆ ಕುಳಿತಾಗ ಅದರ ಫಲ ಗೊತ್ತಾಗುತ್ತದೆ.

ಹೊಸಮಂದೆ:

ಓದಿ ನಾಚಿಕೆಯಾಯಿತು. ಆದರೆ ನನ್ನದು ಬೇಬಿ ಅಲ್ಪಾಕಾ ದರ್ಜೆಯ ತುಪ್ಪಟವೆಂದು ಕತ್ತರಿಸಲು ಬಂದವರೇ ಹೇಳಿದ್ದರು. ಪ್ರಾಣಿಗೆ ಆರು ವರ್ಷ. ಅದು ಹೇಗೆ ಬೇಬಿ ಆಗುತ್ತದೆ?

ಮಗ್ಗದಮೂಲೆ:

ಬೇಬಿ ಎಂದರೆ ಮರಿಯದೆಂದು ಅರ್ಥವಲ್ಲ, ಅದು ದರ್ಜೆಯ ಹೆಸರು. ಎಳೆಯ ದಪ್ಪ ಸರಾಸರಿ ಸುಮಾರು 22.5 ಮೈಕ್ರಾನಿನೊಳಗೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇದ್ದರೆ ವ್ಯಾಪಾರದಲ್ಲಿ ಬೇಬಿ ಎನ್ನುತ್ತಾರೆ. ವಯಸ್ಸಾದ ಪ್ರಾಣಿಯದೂ ಆಗಬಹುದು. ಆದರೆ ಸಾಮಾನ್ಯವಾಗಿ ವರ್ಷ ಕಳೆದಂತೆ ಎಳೆ ದಪ್ಪವಾಗುತ್ತಾ ಹೋಗುತ್ತದೆ. ಕಣ್ಣಂದಾಜಿನಲ್ಲಿ ಮೈಕ್ರಾನ್ ಹೇಳುವವರನ್ನು ನಾನು ನಂಬುವುದಿಲ್ಲ.

ತಳಿಲೆಕ್ಕ:

ಸರಾಸರಿಯೊಂದನ್ನೇ ನೋಡುವುದೂ ತಪ್ಪು. ಚರ್ಮಕ್ಕೆ ಚುಚ್ಚುವುದು 30 ಮೈಕ್ರಾನಿಗಿಂತ ದಪ್ಪದ ಎಳೆಗಳು. ಸರಾಸರಿ 22 ಇದ್ದೂ ನೂರರಲ್ಲಿ ಹತ್ತು ಎಳೆಗಳು 30ನ್ನು ದಾಟಿದ್ದರೆ ಅದು ಚುಚ್ಚುತ್ತದೆ. ಸರಾಸರಿ 25 ಇದ್ದು ಎಲ್ಲ ಎಳೆಗಳೂ ಆಸುಪಾಸಿನಲ್ಲಿದ್ದರೆ ಹಿತವಾಗಿರುತ್ತದೆ. ದಪ್ಪಕ್ಕಿಂತ ಸಮತೆ ಮುಖ್ಯ.

ದಕ್ಷಿಣ ಪೆರುವಿನ ಎಲ್ ಯರಾಲ್ ಎಂಬಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆ ಹೂಳಲಾದ ಅಲ್ಪಾಕಾ ಮತ್ತು ಅದರ ಹತ್ತಿರದ ನಂಟ ಲಾಮಾಗಳ ಒಣಗಿದ ದೇಹಗಳು ದೊರೆತಿವೆ. ಪುರಾತತ್ವಜ್ಞೆ ಜೇನ್ ವೀಲರ್ ಮತ್ತು ಸಂಗಡಿಗರು ಅವುಗಳ ತುಪ್ಪಟವನ್ನು ಪರೀಕ್ಷಿಸಿದಾಗ ಅದು ಇಂದಿನ ಬಹುಪಾಲು ಮಂದೆಗಳದ್ದಕ್ಕಿಂತ ನಯವಾಗಿಯೂ ಹೆಚ್ಚು ಸಮವಾಗಿಯೂ ಕಂಡಿತು. ಸ್ಪ್ಯಾನಿಷ್ ಆಕ್ರಮಣದ ನಂತರ ಮಂದೆಗಳು ನಾಶವಾಗಿ, ಉಳಿದವು ಲಾಮಾಗಳೊಡನೆ ಬೆರೆತು, ನಯವಾದ ತುಪ್ಪಟದವನ್ನೇ ಆರಿಸಿ ಮರಿ ಮಾಡಿಸುವ ಶಿಸ್ತು ಕೈತಪ್ಪಿಹೋಯಿತು.

ಬರಿಬಣ್ಣ:

ಶಿಸ್ತಿನ ಜೊತೆಗೆ ಬಣ್ಣವೂ ಕೈತಪ್ಪಿತು ಎಂಬುದನ್ನು ಸೇರಿಸಿ. 1830ರ ದಶಕದಲ್ಲಿ ಇಂಗ್ಲೆಂಡಿನ ಗಿರಣಿಯೊಡೆಯ ಟೈಟಸ್ ಸಾಲ್ಟ್ ಅಲ್ಪಾಕಾವನ್ನು ಗಿರಣಿಗೆ ಒಗ್ಗಿಸಿದ, 1853ರಲ್ಲಿ ಸಾಲ್ಟೇರ್ ಎಂಬಲ್ಲಿ ಅವನ ದೊಡ್ಡ ಗಿರಣಿ ತೆರೆಯಿತು. ಮುಂದೆ ಗಿರಣಿಗಳಿಗೆ ಬೇಕಾದದ್ದು ಬಯಸಿದ ಬಣ್ಣ ಹತ್ತುವ ಬಿಳಿ ತುಪ್ಪಟ. ಬಿಳಿಗೆ ಹೆಚ್ಚು ಬೆಲೆ ಸಿಗುವುದೆಂದಾದ ಮೇಲೆ ಸಾಕುವವರು ಕಪ್ಪು, ಕಂದು, ಬೂದುಗಳನ್ನು ಹಿಂದೆ ಸರಿಸಿದರು. ಪೆರುವಿನಲ್ಲಿ 22 ಸಹಜ ಬಣ್ಣಗಳನ್ನು ಎಣಿಸುತ್ತಾರೆ, ಆದರೆ ಇಂದು ಅಲ್ಲಿನ ಮಂದೆಗಳಲ್ಲಿ ಬಹುಪಾಲು ಬಿಳಿಯೇ. ಅದಕ್ಕಾಗಿಯೇ ನಾನು ಹಟ ಹಿಡಿಯುವುದು.

ಕದಿರುಕಡ್ಡಿ:

ಬಿಳಿಯೂ ಸಹಜ ಬಣ್ಣವೇ, ಪಾಪ.

ಬರಿಬಣ್ಣ:

ಬಿಳಿಯ ಮೇಲೆ ನನಗೆ ಜಗಳವಿಲ್ಲ, ಬಿಳಿಯೊಂದೇ ಉಳಿಯುವುದರ ಮೇಲೆ ಜಗಳ. ನಯವಾದ ಎಳೆಗಾಗಿ ತಲೆಮಾರುಗಳ ಕಾಲ ಆರಿಸಿದ್ದು ಹೆಚ್ಚಾಗಿ ಬಿಳಿಯನ್ನೇ ಆದ್ದರಿಂದ ಕಪ್ಪು ಪ್ರಾಣಿಗಳ ತುಪ್ಪಟ ಇಂದಿಗೂ ಸ್ವಲ್ಪ ಒರಟು. ಕಪ್ಪಿನಲ್ಲಿ ಹುಟ್ಟಿನಿಂದ ಬಂದ ದೋಷವೇನೂ ಇಲ್ಲ, ನಾವು ಗಮನ ಕೊಡಲಿಲ್ಲ ಅಷ್ಟೆ.

ಹೊಸಮಂದೆ:

ಈ ಮಾತು ಬಂದದ್ದರಿಂದ ಕೇಳುತ್ತೇನೆ. ಬೂದು ಹೆಣ್ಣನ್ನು ನನ್ನ ಬಿಳಿ ಗಂಡಿಗೆ ಕೂಡಿಸಿದರೆ ತಿಳಿಬೂದು ಮರಿ ಹುಟ್ಟಬಹುದೇ? ಆ ಬಣ್ಣದ ನೂಲೆಂದರೆ ನನಗೆ ಬಹಳ ಇಷ್ಟ.

ತಳಿಲೆಕ್ಕ:

ಬೇಡ. ಬೂದನ್ನು ಬಿಳಿಯೊಡನೆ ಕೂಡಿಸುವುದು ಅಪಾಯದ ಜೋಡಿ. ಬಿಳಿ ಗಂಡಿನಲ್ಲಿ ಬಿಳಿಮಚ್ಚೆಯ ವಂಶವಾಹಿ ಅಡಗಿದ್ದರೆ, ಅದು ಬೂದಿನ ವಂಶವಾಹಿಯೊಡನೆ ಸೇರಿದಾಗ ಅಚ್ಚಬಿಳಿ ಮೈಯ, ನೀಲಿ ಕಣ್ಣಿನ ಮರಿ ಹುಟ್ಟಬಹುದು. ಅಂತಹ ಮರಿಗಳಲ್ಲಿ ಬಹುಪಾಲು ಕಿವುಡು. ಬಿಳಿ ಮೈಯಲ್ಲಿ ಮಚ್ಚೆ ಕಾಣದಿರುವುದರಿಂದ ಬರೀ ನೋಡಿ ಮೊದಲೇ ತಿಳಿಯುವ ದಾರಿಯಿಲ್ಲ. ಬೂದಿಗೆ ಬೂದನ್ನು ಕೂಡಿಸುವುದೂ ಜಾಣತನವಲ್ಲ: ಬೂದಿನ ವಂಶವಾಹಿ ತಂದೆತಾಯಿ ಇಬ್ಬರಿಂದಲೂ ಬಂದ ಭ್ರೂಣ ಉಳಿಯುವುದಿಲ್ಲವೆಂದೇ ತಿಳಿಯಲಾಗಿದೆ. ಬೂದಿಗೆ ಅಪ್ಪಟ ಕಪ್ಪು ಗಂಡನ್ನು ಹುಡುಕಿ. ಮರಿ ಬೂದಾಗುವ ಸಾಧ್ಯತೆ ಸುಮಾರು ಅರ್ಧ, ಕಿವುಡಿನ ಭಯ ಬಹಳ ಕಡಿಮೆ.

ಎಳೆಸುರಿ:

ನನ್ನ ಮಂದೆಯಲ್ಲಿ ನೀಲಿ ಕಣ್ಣಿನ ಕಿವುಡಿಯೊಂದಿದೆ, ಎಂಟು ವರ್ಷದ್ದು. ಉಳಿದವು ತಲೆಯೆತ್ತಿ ಒಂದು ದಿಕ್ಕಿಗೆ ನೋಡಿದರೆ ತಾನೂ ನೋಡುತ್ತದೆ, ಓಡಿದರೆ ಓಡುತ್ತದೆ. ಕಿವುಡೆಂದರೆ ಬದುಕೇ ಮುಗಿಯಿತೆಂಬಂತೆ ಬರೆಯಬೇಡಿ.

ತಳಿಲೆಕ್ಕ:

ಹುಟ್ಟಿದ್ದನ್ನು ಚೆನ್ನಾಗಿ ಸಾಕಬೇಕು, ಅದರಲ್ಲಿ ಎರಡು ಮಾತಿಲ್ಲ. ತಿಳಿದೂ ತಿಳಿದೂ ಹುಟ್ಟಿಸಬಾರದೆಂಬುದಷ್ಟೇ ನನ್ನ ಮಾತು.

ನಿವೃತ್ತ_ಪಶುವೈದ್ಯ:

ತಿಳಿಬೂದು ನೂಲು ಬೇಕೆಂದು ಮರಿ ಹುಟ್ಟಿಸುವ ಯೋಚನೆಯನ್ನೇ ನಾನು ಒಪ್ಪಲಾರೆ. ಗಬ್ಬದ ಕಾಲವೇ ಹನ್ನೊಂದು ತಿಂಗಳಿಗೂ ಮಿಕ್ಕಿದ್ದು, ಈಯುವುದು ಒಂದೇ ಮರಿ, ಆ ಮರಿಯ ಮುಂದಿನ ಹದಿನೈದು ಇಪ್ಪತ್ತು ವರ್ಷಗಳ ಹೊಣೆ ನಿಮ್ಮದು.

ಹಂಜಿಬುಟ್ಟಿ:

ಮರಿಯೇ ಬೇಕಾಗಿಲ್ಲ! ಕಪ್ಪೂ ಬಿಳಿಯೂ ಮನೆಯಲ್ಲಿಯೇ ಇವೆಯಲ್ಲ, ಹಲಗೆಯ ಮೇಲೆ ಬೆರೆಸಿ. ನನಗೆ ಇಡೀ ಕೆಲಸದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎರಡೂ ಬಣ್ಣಗಳನ್ನು ತೊಳೆದು ಒಣಗಿಸಿದ ಮೇಲೆ ತೂಗಿ. ಕಣ್ಣಳತೆ ಬೇಡ, ಏಕೆಂದರೆ ಕಪ್ಪು ಬಿಳಿಯನ್ನು ನುಂಗಿಬಿಡುತ್ತದೆ. ಸಮಸಮ ಬೆರೆಸಿದರೆ ಬರುವುದು ಕಡುಬೂದು. ತಿಳಿಬೂದು ಬೇಕಾದರೆ ಬಿಳಿ ಒಂಬತ್ತು ಪಾಲಿಗೆ ಕಪ್ಪು ಒಂದು ಪಾಲಿನಿಂದ ಆರಂಭಿಸಿ. ಹತ್ತು ಗ್ರಾಮಿನ ಮಾದರಿ ಮಾಡಿ, ನೂತು, ಹುರಿಗೊಳಿಸಿ, ತೊಳೆದು, ಅಂಗೈಯಗಲ ಹೆಣೆದು ನೋಡಿ. ಹಂಜಿಯಲ್ಲಿ ಕಾಣುವ ಬಣ್ಣ ಬೇರೆ, ನೂಲಿನಲ್ಲಿ ಬೇರೆ. ಒಮ್ಮೆ ಹಿಂಜಿದರೆ ಮೋಡ ಹರಡಿದಂತೆ ಪಟ್ಟೆಪಟ್ಟೆಯಾಗಿರುತ್ತದೆ, ಮೂರು ಸಲ ಹಿಂಜಿದರೆ ಒಂದೇ ಸಮನಾಗುತ್ತದೆ. ನನಗೆ ಎರಡೇ ಸಲ ಹಿಂಜಿದ್ದು ಇಷ್ಟ. ನೂಲಿಗೆ ಅದರಿಂದ ಜೀವ ಬರುತ್ತದೆ. ಹಿಂಜದೆಯೇ ಒಂದು ಕಪ್ಪು ಎಳೆ, ಒಂದು ಬಿಳಿ ಎಳೆ ಸೇರಿಸಿ ಹುರಿಗೊಳಿಸಿದರೆ ಚುಕ್ಕೆಚುಕ್ಕೆಯ ಇನ್ನೊಂದು ಬೂದು. ಜೇನುಗಂದಿಗೆ ಚಿಟಿಕೆಯಷ್ಟು ಕಪ್ಪು ಬಿದ್ದರೆ ಮರದ ತೊಗಟೆಯ ಬಣ್ಣ. ನಾಲ್ಕು ಪ್ರಾಣಿಗಳಿಂದ ಒಂದು ಚಳಿಗಾಲದಲ್ಲಿ ಹತ್ತೊಂಬತ್ತು ಬಣ್ಣಗಳ ಲಡಿಗಳನ್ನು ಮಾಡಿದ್ದೇನೆ. ಪ್ರತಿ ಮಾದರಿಗೂ ತೂಕ ಬರೆದ ಚೀಟಿಯನ್ನು ಕಟ್ಟಿಡಿ. ಕಟ್ಟದೆ ಅಳುವ ಸರದಿ ನನಗೆ ಎರಡು ಸಲ ಬಂದಿದೆ.

ಹಿಂಜುವಾಗ ಕೂದಲು ಹಾರಿ ಮುಖಕ್ಕೆ, ಬಟ್ಟೆಗೆ ಅಂಟುತ್ತದೆ, ಅದು ಸ್ಥಾಯಿವಿದ್ಯುತ್ತು. ಕುರಿಯ ಉಣ್ಣೆಯ ಹಾಗೆ ಇದರಲ್ಲಿ ಜಿಡ್ಡಿಲ್ಲದಿರುವುದರಿಂದ ಹೀಗಾಗುತ್ತದೆ. ಹಿಂದಿನ ರಾತ್ರಿ ಸ್ವಲ್ಪವೇ ನೀರು ಚಿಮುಕಿಸಿ ಮುಚ್ಚಿಟ್ಟರೆ ಹದವಾಗಿರುತ್ತದೆ.

ಮಗ್ಗದಮೂಲೆ:

ತೊಳೆಯುವ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಜಿಡ್ಡಿಲ್ಲವೆಂದ ಮೇಲೆ ಮೊದಲು ತೊಳೆಯುವ ಅಗತ್ಯವೇನು? ನಾನು ಚೆನ್ನಾಗಿ ಕೊಡವಿ, ತೊಳೆಯದೆಯೇ ನೂತು, ಲಡಿ ಮಾಡಿದ ಮೇಲೆ ತೊಳೆಯುತ್ತೇನೆ. ಎಳೆ ಕೈಯಲ್ಲಿ ಹಿಡಿತಕ್ಕೆ ಬರುತ್ತದೆ, ಸಿಕ್ಕಾಗುವುದೂ ಕಡಿಮೆ.

ಹಂಜಿಬುಟ್ಟಿ:

ಆ ಹಿಡಿತ ಮಣ್ಣಿನದು! ದಿನಕ್ಕೆ ಹತ್ತು ಸಲ ಧೂಳಿನಲ್ಲಿ ಹೊರಳುವ ಪ್ರಾಣಿಯ ತುಪ್ಪಟವನ್ನು ಮುಚ್ಚಿದ ಕೋಣೆಯಲ್ಲಿ ಹಿಂಜಿದರೆ ಆ ಧೂಳು ಹೋಗುವುದು ನಿಮ್ಮ ಶ್ವಾಸಕೋಶಕ್ಕೆ. ಬಣ್ಣ ಬೆರೆಸುವವರಿಗಂತೂ ತೊಳೆಯುವುದು ಕಡ್ಡಾಯ, ಮಣ್ಣು ಮೆತ್ತಿದ ಬಿಳಿಯ ನಿಜಬಣ್ಣ ಯಾರಿಗೆ ಗೊತ್ತು?

ಮಗ್ಗದಮೂಲೆ:

ಬಣ್ಣ ಬೆರೆಸುವಾಗ ನಿಮ್ಮ ಮಾತು ಸರಿ. ಉಳಿದಂತೆ ನನ್ನ ರೂಢಿ ನನಗೆ. ಧೂಳಿಗೆ ಮುಖಗವಸು ಹಾಕಿಕೊಳ್ಳುತ್ತೇನೆ.

ಕದಿರುಕಡ್ಡಿ:

ತೊಳೆಯುವವರಿಗೆ ಒಂದು ಎಚ್ಚರಿಕೆ. ಬಲೆಚೀಲದಲ್ಲಿ ತುಂಬಿ, ಮೃದುವಾದ ಸಾಬೂನಿನ ಬಿಸಿನೀರಿನಲ್ಲಿ ಮುಳುಗಿಸಿ, ಸುಮ್ಮನೆ ಬಿಡಿ. ಉಜ್ಜಬೇಡಿ, ಹಿಂಡಬೇಡಿ. ಜಾಲಿಸುವ ನೀರೂ ಅಷ್ಟೇ ಬಿಸಿಯಿರಬೇಕು. ಅಲ್ಪಾಕಾ ಗಂಟುಕಟ್ಟುವುದಿಲ್ಲವೆಂದು ಹೇಳುವವರಿದ್ದಾರೆ. ನಿಧಾನವಾಗಿ ಕಟ್ಟುತ್ತದೆ, ಆದರೆ ಕಟ್ಟಿಯೇ ಕಟ್ಟುತ್ತದೆ. ಹಾಗೆಯೇ ಎಲ್ಲ ಅಲ್ಪಾಕಾ ಎಳೆಗಳೂ ಟೊಳ್ಳು, ಅದಕ್ಕೇ ಬೆಚ್ಚಗೆ ಎಂಬ ಮಾತೂ ಅರ್ಧಸತ್ಯ. ಒಳಗೆ ಕೊಳವೆಯಂತಹ ಭಾಗ ಹೆಚ್ಚಾಗಿರುವುದು ದಪ್ಪ ಎಳೆಗಳಲ್ಲಿ, ಅತಿ ನಯವಾದವುಗಳಲ್ಲಿ ಅದು ಹಲವೊಮ್ಮೆ ಇರುವುದೇ ಇಲ್ಲ. ಹಾಗೆ ಕೊಳವೆಯಿರುವ ದಪ್ಪ ಎಳೆಗಳೇ ಬಿರುಸಾಗಿದ್ದು ಚುಚ್ಚುತ್ತವೆ. ಟೊಳ್ಳನ್ನು ಹೊಗಳುವವರು ಚುಚ್ಚುವುದನ್ನೂ ಹೊಗಳಬೇಕಾಗುತ್ತದೆ.

ಹೊಸಮಂದೆ:

ಒಂದು ವಾರದ ನಂತರ ಬರೆಯುತ್ತಿದ್ದೇನೆ. ಸ್ವೆಟರನ್ನು ಬಿಚ್ಚಿದೆ. ಆ ನೂಲಿಗೆ ಇನ್ನೊಂದು ಎಳೆ ಸೇರಿಸಿ ಬಿಗಿಯಾಗಿ ಹುರಿಗೊಳಿಸುತ್ತಿದ್ದೇನೆ, ಅದು ಮೈಗೆ ತಾಗದ ಚಾಪೆಗೋ ಚೀಲಕ್ಕೋ ಆದೀತು. ಉಳಿದ ಕಪ್ಪು ತುಪ್ಪಟದಲ್ಲಿ ಬೆನ್ನಿನ ಭಾಗವನ್ನು ಬೇರೆ ಮಾಡಿ ತುದಿಗಳನ್ನು ಕತ್ತರಿಸಲು ಕುಳಿತೆ. ಆಗ ಒಂದು ವಿಚಿತ್ರ ಕಂಡಿತು. ಹಲವು ಗೊಂಚಲುಗಳು ಎಳೆದ ಕೂಡಲೇ ಒಂದೇ ಜಾಗದಲ್ಲಿ ತುಂಡಾಗುತ್ತಿವೆ. ಇದೂ ಬಿಸಿಲಿನಿಂದಲೇ?

ಮಗ್ಗದಮೂಲೆ:

ಅಲ್ಲ. ಗೊಂಚಲಿನ ಎರಡೂ ತುದಿಗಳನ್ನು ಹಿಡಿದು ಕಿವಿಯ ಬಳಿ ತಂದು ಫಕ್ಕನೆ ಎಳೆಯಿರಿ. ಗಟ್ಟಿಯಾದದ್ದು ಟಣ್ಣೆನ್ನುತ್ತದೆ, ದುರ್ಬಲವಾದದ್ದು ಚಟಪಟ ಹರಿಯುತ್ತದೆ. ಒಂದೇ ಜಾಗದಲ್ಲಿ ಹರಿದರೆ ಆ ಭಾಗ ಬೆಳೆಯುತ್ತಿದ್ದಾಗ ಪ್ರಾಣಿಗೆ ಏನೋ ತೊಂದರೆಯಾಗಿತ್ತೆಂದು ಅರ್ಥ. ನೂಲಲು ಆ ತುಪ್ಪಟ ಬೇಡ, ಅಲ್ಲಲ್ಲಿ ಕಡಿದು ಗಂಟಾಗುತ್ತದೆ.

ನಿವೃತ್ತ_ಪಶುವೈದ್ಯ:

ಯಾವ ಜಾಗದಲ್ಲಿ? ತುದಿಯಿಂದ ಎಷ್ಟು ದೂರ, ಒಟ್ಟು ಉದ್ದ ಎಷ್ಟು?

ಹೊಸಮಂದೆ:

ಒಟ್ಟು ಹನ್ನೆರಡು ಸೆಂಟಿಮೀಟರ್. ತುದಿಯಿಂದ ಎಂಟರ ಹತ್ತಿರ ಹರಿಯುತ್ತದೆ.

ನಿವೃತ್ತ_ಪಶುವೈದ್ಯ:

ತುದಿಯೆಂದರೆ ಹಿಂದಿನ ಕತ್ತರಿಕೆಯ ಮರುದಿನದ ಬೆಳವಣಿಗೆ, ಬುಡವೆಂದರೆ ಈ ಸಲದ ಕತ್ತರಿಕೆಯ ದಿನದ್ದು. ಹನ್ನೆರಡು ತಿಂಗಳಿಗೆ ಹನ್ನೆರಡು ಸೆಂಟಿಮೀಟರ್ ಎಂದು ಸ್ಥೂಲವಾಗಿ ಹಿಡಿದರೆ, ಈ ಸಲ ಕತ್ತರಿಸುವುದಕ್ಕೆ ಸುಮಾರು ನಾಲ್ಕು ತಿಂಗಳ ಹಿಂದೆ ಏನೋ ಆಗಿದೆ. ಆಗ ಹೊಲದ ಸ್ಥಿತಿ ಹೇಗಿತ್ತು?

ಹೊಸಮಂದೆ:

ಮಳೆ ಹಿಡಿದು ವಾರಗಟ್ಟಲೆ ಹುಲ್ಲು ಒದ್ದೆಯಾಗಿತ್ತು. ಆದರೆ ಅವು ಮೇಯುತ್ತಿದ್ದವು, ಮೆಲುಕು ಹಾಕುತ್ತಿದ್ದವು, ದುಂಡಗೆಯೇ ಕಾಣುತ್ತಿದ್ದವು.

ನಿವೃತ್ತ_ಪಶುವೈದ್ಯ:

ದುಂಡಗೆ ಕಂಡದ್ದು ತುಪ್ಪಟ. ಅಲ್ಪಾಕಾ ತನ್ನ ಕಾಯಿಲೆಯನ್ನು ಕೊನೆಯವರೆಗೆ ಅಡಗಿಸುತ್ತದೆ, ತುಪ್ಪಟ ಅದಕ್ಕೆ ನೆರವಾಗುತ್ತದೆ. ಪಕ್ಕೆಲುಬುಗಳು ಮುಗಿಯುವಲ್ಲಿ ಬೆನ್ನುಮೂಳೆಯ ಮೇಲೆ ಅಂಗೈ ಇಟ್ಟು ಒತ್ತಿ ನೋಡಿ. ಮೂಳೆಯ ಎರಡೂ ಬದಿ ಮಾಂಸ ತುಂಬಿ ಇಳಿಜಾರಾಗಿದ್ದರೆ ಸರಿ. ಮಾಂಸ ಒಳಕ್ಕೆ ಹೋಗಿ ಮೂಳೆ ಏಣಿನಂತೆ ಕೈಗೆ ಸಿಕ್ಕರೆ ಪ್ರಾಣಿ ಸೊರಗಿದೆ. ಕೆಳಗಣ ಕಣ್ಣುರೆಪ್ಪೆಯ ಒಳಭಾಗವನ್ನೂ ನೋಡಿ, ಕೆಂಪಾಗಿರಬೇಕು. ಬಿಳಿಚಿಕೊಂಡಿದ್ದರೆ ರಕ್ತ ಹೀರುವ ಜಂತುಗಳಿವೆಯೆಂದು ಶಂಕಿಸಬೇಕು.

ಹೊಸಮಂದೆ:

ಈಗ ಕೊಟ್ಟಿಗೆಗೆ ಹೋಗಿ ಬಂದೆ. ಜೇನುಗಂದೂ ಬೂದೂ ಸರಿಯಾಗಿವೆ, ಬಿಳಿ ಗಂಡು ಸ್ವಲ್ಪ ದಪ್ಪವೇ. ಕಪ್ಪಿನ ಬೆನ್ನು ಕೈಗೆ ಏಣಾಗಿ ಸಿಕ್ಕಿತು. ರೆಪ್ಪೆ ತಿಳಿಗುಲಾಬಿ ಬಣ್ಣದ್ದು, ಉಳಿದವುಗಳಷ್ಟು ಕೆಂಪಿಲ್ಲ. ಇಷ್ಟು ದಿನ ಅದರ ಬಣ್ಣವನ್ನೇ ನೋಡುತ್ತಿದ್ದೆ.

ನಿವೃತ್ತ_ಪಶುವೈದ್ಯ:

ನಾಳೆಯೇ ನಾಲ್ಕನ್ನೂ ತೂಗಿ ತೂಕ ಬರೆದಿಡಿ. ಕಪ್ಪಿನ ತಾಜಾ ಹಿಕ್ಕೆಯನ್ನು ನಿಮ್ಮ ಪಶುವೈದ್ಯರಿಗೆ ಕೊಟ್ಟು ಜಂತುಗಳ ಮೊಟ್ಟೆಗಳನ್ನು ಎಣಿಸಲು ಹೇಳಿ. ನಾಲ್ಕೂ ಒಂದೇ ಗುಡ್ಡೆಯಲ್ಲಿ ಹಿಕ್ಕೆ ಹಾಕುವುದರಿಂದ ಕಾದು ನಿಂತು ಕಪ್ಪಿನದನ್ನೇ ಹಿಡಿಯಬೇಕು. ಎಣಿಕೆ ಬರುವ ಮೊದಲು ಊಹೆಯಿಂದ ಔಷಧಿ ಕುಡಿಸಬೇಡಿ, ಪ್ರಮಾಣವನ್ನು ಕುರಿಯ ಲೆಕ್ಕದಲ್ಲಂತೂ ಹಾಕಲೇಬೇಡಿ. ಕುರಿಗಳ ಜಂತುಗಳು ಅಲ್ಪಾಕಾಗಳಿಗೂ ಹರಡುತ್ತವೆ. ನಿಮ್ಮಲ್ಲಿ ಕುರಿಗಳೂ ಇದ್ದರೆ ಇವನ್ನು ಅವುಗಳಿಂದ ಬೇರೆಯಾಗಿ ಮೇಯಿಸುತ್ತಿದ್ದೀರಾ?

ಹೊಸಮಂದೆ:

ಇಲ್ಲ, ಒಂದೇ ಹೊಲ. ನಾಳೆ ಬೆಳಗ್ಗೆ ಗುಡ್ಡೆಯ ಬಳಿ ಕಾಯುತ್ತೇನೆ, ಎಣಿಕೆ ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.